ಮನೆಯಲ್ಲಿ ಡಯಾಲಿಸಿಸ್: ಗುಣಮಟ್ಟಕ್ಕೆ ನಿಯಮವಿದೆ, ಪೂರೈಕೆಗೆ?

ಮೂತ್ರಪಿಂಡಗಳು ವಿಫಲವಾದಾಗ ರಕ್ತ ಶುದ್ಧಿಗೆ ಯಂತ್ರವೊಂದೇ ದಾರಿಯಲ್ಲ. ಹೊಟ್ಟೆಯೊಳಗಿನ ಉದರಪೊರೆಯನ್ನೇ ಸೋಸುವ ಪೊರೆಯಾಗಿ ಬಳಸುವ ಪೆರಿಟೋನಿಯಲ್ ಡಯಾಲಿಸಿಸನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗ್ಲೂಕೋಸ್ ಬೆರೆತ ದ್ರವವನ್ನು ನಳಿಕೆಯ ಮೂಲಕ ಹೊಟ್ಟೆಗೆ ತುಂಬಿದರೆ ಯೂರಿಯದಂಥ ಕಶ್ಮಲಗಳು ವಿಸರಣೆಯಿಂದಲೂ ಹೆಚ್ಚುವರಿ ನೀರು ಅಭಿಸರಣೆಯಿಂದಲೂ ಅದನ್ನು ಸೇರುತ್ತವೆ. ಕೆಲವು ಗಂಟೆಗಳ ನಂತರ ಅದನ್ನು ಹೊರಹರಿಸಿ ಹೊಸ ದ್ರವ ತುಂಬಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಿಗೆ ಇದು ಹೇಳಿ ಮಾಡಿಸಿದಂಥ ಚಿಕಿತ್ಸೆ. ಕೊಲ್ಲೂರು, ಅಮಾಸೆಬೈಲು, ಹೊಸಂಗಡಿಯಂಥ ಘಟ್ಟದ ಬುಡದ ಊರುಗಳಿಂದ ಜಡಿಮಳೆಯಲ್ಲಿ ವಾರಕ್ಕೆ ಎರಡು ಮೂರು ಬಾರಿ ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗಿಬರುವ ಕಷ್ಟ ಇದರಲ್ಲಿಲ್ಲ. ಆದರೂ 2016ರಲ್ಲಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಮೊದಲು ಯಂತ್ರದ ಕಡೆಗೇ ನೋಡಿತು. ಮನೆಯ ಡಯಾಲಿಸಿಸ್‌ಗೆ ಮಾರ್ಗಸೂಚಿ ಬಂದದ್ದು 2019ರಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. 2 ಲೀಟರಿನ ಚೀಲ, ದಿನಕ್ಕೆ 4 ಬಾರಿ. ತಿಂಗಳಿಗೆ 120 ಚೀಲ, 240 ಲೀಟರ್, ಅಂದರೆ ಸುಮಾರು ಕಾಲು ಟನ್. ಗುಳಿಗೆಯಂತೆ ಜೇಬಿನಲ್ಲಿ ತರುವ ಔಷಧವಲ್ಲ ಇದು. ಲಾರಿ ಒಂದು ವಾರ ತಡವಾದರೆ 28 ಚೀಲಗಳ ಕೊರತೆ. ಆಗ ರೋಗಿ ನಾಲ್ಕು ಬಾರಿಯ ಬದಲು ಮೂರೇ ಬಾರಿ ದ್ರವ ಬದಲಿಸಿದರೆ ನೀರು, ಪೊಟಾಸಿಯಮ್ ಮೈಯಲ್ಲಿ ಉಳಿಯುವ ಅಪಾಯವಿದೆ.

ಕಾನೂನು ಏನು ನೋಡುತ್ತದೆ? ದ್ರವ 1940ರ ಔಷಧ ಕಾಯಿದೆಗೆ ಸೇರಿದೆ. ನಳಿಕೆ, ಜೋಡಣೆಯ ಕೊಳವೆ, ಅಯೋಡಿನ್ ಲೇಪದ ಮುಚ್ಚಳ ಇವು 2017ರ ವೈದ್ಯಕೀಯ ಉಪಕರಣ ನಿಯಮಗಳಿಗೆ ಸೇರಿವೆ. ಎ ಮತ್ತು ಬಿ ವರ್ಗದ ಉಪಕರಣಗಳಿಗೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯ. ಇದು ಒಳ್ಳೆಯದೇ, ಕ್ರಿಮಿಶುದ್ಧವಲ್ಲದ ಮುಚ್ಚಳವೊಂದು ಉದರಪೊರೆಯ ಸೋಂಕಿಗೆ ಸಾಕು. ಆದರೆ ಪರವಾನಗಿ ನೋಡುವುದು ವಸ್ತು ಶುದ್ಧವೇ ಎಂಬುದನ್ನು. ಮುಂದಿನ ತಿಂಗಳೂ ಅದು ಶಿರೂರಿಗೆ ಬರುವುದೇ ಎಂದು ಕೇಳುವವರಿಲ್ಲ.

ಪೂರೈಕೆಯನ್ನು ಮುಟ್ಟುವ ನಿಯಮ 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿದೆ. ಅನುಸೂಚಿಯಲ್ಲಿರುವ ಔಷಧದ ತಯಾರಿಕೆ ನಿಲ್ಲಿಸುವ ಕಂಪನಿ 6 ತಿಂಗಳು ಮುಂಚೆ ತಿಳಿಸಬೇಕು. ಸರ್ಕಾರ ಇನ್ನೂ ಒಂದು ವರ್ಷದವರೆಗೆ ತಯಾರಿಸುವಂತೆ ಹೇಳಬಹುದು. ಜೋಡಣೆಯ ಕೊಳವೆ, ಮುಚ್ಚಳಗಳಿಗೆ ಈ ರಕ್ಷಣೆಯಿಲ್ಲ. ಜಿಲ್ಲೆಯ ವಿತರಕ ವ್ಯಾಪಾರ ನಿಲ್ಲಿಸಿದರೂ ಇದು ಅನ್ವಯವಾಗದು. ಇಲ್ಲಿಯೇ ತಾಂತ್ರಿಕ ತೊಡಕು: ಒಂದು ಕಂಪನಿಯ ಚೀಲ ಇನ್ನೊಂದರ ಕೊಳವೆಗೆ ಸಾಮಾನ್ಯವಾಗಿ ಕೂರುವುದಿಲ್ಲ. ಚೀಲ ಬದಲಾದರೆ ಕೊಳವೆಯನ್ನೂ ತರಬೇತಿ ಪಡೆದವರೇ ಬದಲಿಸಬೇಕು. ಹತ್ತು ರೂಪಾಯಿಯ ವಿದ್ಯುತ್ ಪ್ಲಗ್ಗಿಗೂ ಭಾರತೀಯ ಮಾನಕ ಇರುವ ದೇಶದಲ್ಲಿ ಈ ಜೋಡಣೆಗೆ ಒಂದೇ ಅಳತೆ ಯಾಕಿಲ್ಲ?

ಬಿಗಿ ಮಾಡಿದರೆ ಇರುವ ಕೆಲವೇ ಕಂಪನಿಗಳೂ ಹೋದಾವು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮುನ್ಸೂಚನೆ ಕೇಳುವುದು ಬೆಲೆ ಕಟ್ಟಿಹಾಕಿದಂತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಅಮೆರಿಕದ ನಾರ್ತ್ ಕೋವ್‌ನ ಬ್ಯಾಕ್ಸ್ಟರ್ ಕಾರ್ಖಾನೆ ನಿಂತಾಗ ಅಲ್ಲಿನ ಔಷಧ ಆಡಳಿತ ಈ ದ್ರವವನ್ನು ಕೊರತೆಯ ಪಟ್ಟಿಗೆ ಸೇರಿಸಿ, ತಾತ್ಕಾಲಿಕ ಆಮದಿಗೆ ಅವಕಾಶ ಕೊಟ್ಟಿತು.

ನಮ್ಮಲ್ಲಿ ಮೂರು ತಾಲ್ಲೂಕುಗಳಿಗೆ ಸೇರಿ ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ತಿಂಗಳ ಮೀಸಲು ದಾಸ್ತಾನು ಇಡಬಹುದು: ಚೀಲ, ಕೊಳವೆ, ಮುಚ್ಚಳ ಮೂರೂ. ಅದನ್ನು ಮುಂಗಾರಿಗೆ ಮೊದಲು ತುಂಬಬೇಕು. ಮೇ ತಿಂಗಳ ಸೆಕೆ ತಗಲದ ಕೋಣೆಯೂ ಬೇಕು, ಗ್ಲೂಕೋಸ್ ಬಿಸಿಗೆ ಒಡೆದು ಉಂಟಾಗುವ ಪದಾರ್ಥಗಳು ಉದರಪೊರೆಗೆ ಹಾನಿಕರ.