ರಿಮ್ ಟೇಪ್: ಯಾವ ಚಕ್ರಕ್ಕೆ ಯಾವುದು

ಸೈಕಲ್ ರಿಮ್ಮಿನ ಒಳಗೆ, ಟ್ಯೂಬಿನ ಅಡಿಯಲ್ಲಿ ಸುತ್ತಲೂ ಕೂರುವ ತೆಳು ಪಟ್ಟಿಯೇ ರಿಮ್ ಟೇಪ್. ಕಡ್ಡಿಗಳ ನಿಪ್ಪಲ್ ತಲೆಯಾಗಲಿ, ತೂತಿನ ಅಂಚಾಗಲಿ ಟ್ಯೂಬಿಗೆ ತಾಗದಂತೆ ಅದು ಕಾಯುತ್ತದೆ. ಟೈರ್ ಬಿಚ್ಚಿದಾಗ ಮಾತ್ರ ಕಣ್ಣಿಗೆ ಬೀಳುವ ವಸ್ತುವಾದ್ದರಿಂದ ಅಂಗಡಿಯಲ್ಲಿ ಕೊಟ್ಟದ್ದನ್ನೇ ಹಾಕಿಸಿಕೊಳ್ಳುವವರು ಹೆಚ್ಚು. ಪಂಕ್ಚರ್ ಆದ ತೂತು ಟ್ಯೂಬಿನ ಹೊರಮೈ ಬಿಟ್ಟು ರಿಮ್ಮಿನ ಕಡೆಗಿದ್ದರೆ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನು. 32 ಕಡ್ಡಿಗಳ 700ಸಿ ಚಕ್ರದ ಟ್ಯೂಬಿನಲ್ಲಿ ಸುಮಾರು 6 ಸೆಂಟಿಮೀಟರಿಗೊಂದರಂತೆ ದುಂಡನೆಯ ಉಬ್ಬು ಮೂಡಿದ್ದರೆ ಬೇರೆ ಸಾಕ್ಷಿಯೇ ಬೇಡ.

ಆಯ್ಕೆಯನ್ನು ನಿರ್ಧರಿಸುವುದು ರಿಮ್ಮಿನ ರಚನೆ ಮತ್ತು ಗಾಳಿಯ ಒತ್ತಡ. ಹಳೆಯ ಕರಿ ಸೈಕಲ್ಲಿನ ಉಕ್ಕಿನ ರಿಮ್ಮಿಗೆ ಒಂದೇ ಪದರ. ನಿಪ್ಪಲ್ ತಲೆ ತೂತನ್ನು ತುಂಬಿಕೊಂಡೇ ಇರುತ್ತದೆ, ಗಾಳಿಯ ಒತ್ತಡವೂ ಕಡಿಮೆ. ಅಲ್ಲಿಗೆ ರಬ್ಬರ್ ಪಟ್ಟಿ ಸಾಕು. ಎರಡು ಪದರದ ಅಲ್ಯೂಮಿನಿಯಂ ರಿಮ್ಮಿನ ಕಥೆ ಬೇರೆ. ನಿಪ್ಪಲ್ ಒಳಪದರದಲ್ಲಿ ಕೂತು, ಮೇಲ್ಪದರದ ದೊಡ್ಡ ತೂತು ತೆರೆದೇ ಉಳಿಯುತ್ತದೆ. 100 ಪಿಎಸ್‌ಐ ಗಾಳಿ ತುಂಬಿದಾಗ 8 ಮಿಲಿಮೀಟರ್ ಅಗಲದ ಪ್ರತಿ ತೂತಿನ ಮೇಲೂ ಸುಮಾರು ಮೂರೂವರೆ ಕಿಲೋ ಭಾರ ಬೀಳುತ್ತದೆ. ರಬ್ಬರ್ ಹಿಗ್ಗುವ ವಸ್ತು. ಈ ಭಾರಕ್ಕೆ ಟ್ಯೂಬಿನ ಜೊತೆ ತಾನೂ ತೂತಿಗಿಳಿಯುತ್ತದೆ, ಪಕ್ಕಕ್ಕೆ ಜಾರಿ ತೂತನ್ನು ಬಯಲು ಮಾಡುವುದೂ ಉಂಟು. ಅಗ್ಗವೆಂದು ರೇಸಿಂಗ್ ಸೈಕಲ್ಲಿಗೆ ಅದನ್ನು ಹಾಕುವುದು ಸರಿಯಲ್ಲ.

ಇಂಥ ರಿಮ್ಮಿಗೆ ಟ್ಯೂಬ್ ಬಳಸುವವರಿಗೆ ಎಲ್ಲಕ್ಕಿಂತ ನೆಚ್ಚಬಹುದಾದದ್ದು ಅಂಟುಳ್ಳ ಹತ್ತಿಬಟ್ಟೆಯ ಟೇಪ್. ಫ್ರಾನ್ಸಿನ ವೆಲಾಕ್ಸ್ ಹೆಸರಾದದ್ದು ಇದರಿಂದಲೇ. ಬಟ್ಟೆ ಹಿಗ್ಗುವುದಿಲ್ಲ, ಅಂಟು ಜಾರಗೊಡುವುದಿಲ್ಲ, ಚಕ್ರದ ಅಳತೆ ಯಾವುದಾದರೂ ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಬಹುದು. ಕೊರತೆಯೂ ಇದೆ: ಮಳೆಗಾಲದಲ್ಲಿ ನೀರು ಕುಡಿದು ಬೇಗ ಒಣಗದು. ದಪ್ಪವಾದ್ದರಿಂದ ರಿಮ್ಮಿನ ನಡುಗುಳಿ ತುಂಬಿ, ಬಿಗಿಯಾದ ಟೈರ್ ಏರಿಸುವುದು ಕಷ್ಟವಾಗುತ್ತದೆ. ಅಲ್ಲಿ ಹಿಗ್ಗದ ಪ್ಲಾಸ್ಟಿಕ್ ಪಟ್ಟಿ ಮೇಲು. ಆದರೆ ಅದು ಚಕ್ರದ ಅಳತೆಗೆ ಸರಿಯಾದದ್ದೇ ಆಗಿರಬೇಕು. ಹಳತಾಗಿ ಗಡುಸಾದ ಪಟ್ಟಿಯ ಅಂಚು ಟ್ಯೂಬನ್ನೇ ಕೊಯ್ಯಬಲ್ಲದು.

ಟ್ಯೂಬ್‌ಲೆಸ್ ಟೇಪ್ ಗಾಳಿಯನ್ನೂ ತಡೆಹಿಡಿಯಬೇಕು. ಆದ್ದರಿಂದ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಅಗಲವಾಗಿ, ಎರಡೂ ಬದಿಯ ಗೋಡೆಗೆ ಅಂಟುವಂತಿರಬೇಕು; ರಿಮ್ಮಿನ ಜಿಡ್ಡನ್ನು ಮೊದಲೇ ಪೂರ್ತಿ ಒರೆಸಿರಬೇಕು. ಟ್ಯೂಬ್ ಹಾಕುವ ಚಕ್ರದಲ್ಲಿ ತೂತುಗಳೆಲ್ಲ ಮುಚ್ಚುವಷ್ಟು ಅಗಲ ಸಾಕು. ಟೇಪ್ ಅಂಚಿಗೆ ಏರಿದರೆ ಟೈರ್ ಸಮವಾಗಿ ಕೂರದು, ಚಕ್ರ ಕುಪ್ಪಳಿಸುತ್ತದೆ. ಕೊಳ್ಳುವ ಮುನ್ನ ಒಳ ಅಗಲವನ್ನು ಅಳೆಯಲೇಬೇಕು.

ಟೇಪಿನಲ್ಲಿ ವಾಲ್ವಿಗೆ ಬಿಟ್ಟ ತೂತು ರಿಮ್ಮಿನ ತೂತಿಗೆ ನೇರವಾಗಿರಬೇಕು. ಪ್ರೆಸ್ಟಾ ವಾಲ್ವಿಗೆ ಸುಮಾರು 6.5, ಶ್ರೇಡರ್‌ಗೆ 8.5 ಮಿಲಿಮೀಟರ್ ತೂತು ಬೇಕು. ಬಟ್ಟೆ ಟೇಪನ್ನು ವಾಲ್ವಿನ ಬಳಿಯಿಂದ ಶುರುಮಾಡಿ, ಸುಕ್ಕಿಲ್ಲದಂತೆ ಎಳೆದು ಅಂಟಿಸಬೇಕು. ಮುರಿದ ನಿಪ್ಪಲ್ ಬದಲಿಸಲು ಅದನ್ನು ಕಿತ್ತರೆ ಅಂಟು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಆಗ ಹೊಸದನ್ನೇ ಹಾಕಬೇಕು.