ಅಪರೂಪದ ರೋಗಗಳ ರಾಷ್ಟ್ರೀಯ ನೀತಿ: ಒಂದು ವಿಮರ್ಶೆ

ಕಲ್ಯಾಣಪುರದಲ್ಲಿ 1898ರಲ್ಲಿ ಜನಿಸಿದ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ಅಲ್ಲಿ ವೈದ್ಯಕೀಯ ತಳಿಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ಆದುದರಿಂದ ಕಲ್ಯಾಣಪುರದಲ್ಲಾಗಲಿ, ಕಾಪು ಕಾರ್ಕಳಗಳಲ್ಲಾಗಲಿ ಮಗುವೊಂದರ ಹೊಟ್ಟೆ ಉಬ್ಬಿ, ರಕ್ತ ಕುಂದಿ, ಮೂಳೆಗಳು ನೋಯತೊಡಗಿದರೆ ರೋಗದ ಹೆಸರನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹೆಸರು ತಿಳಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಉತ್ತರಿಸಬೇಕಾದದ್ದು ಕೇಂದ್ರ ಆರೋಗ್ಯ ಸಚಿವಾಲಯವು 2021ರ ಮಾರ್ಚ್ ತಿಂಗಳಲ್ಲಿ ಹೊರಡಿಸಿದ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸುವ ಸಮಾಜವು ಈ ಪತ್ರವನ್ನು ಎಚ್ಚರದಿಂದ ಓದುವುದು ಉಚಿತ.

ಮೊದಲು ರೋಗದ ಸ್ವರೂಪ. ನಮ್ಮ ಜೀವಕೋಶಗಳೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಅವುಗಳನ್ನು 1955ರಲ್ಲಿ ಗುರುತಿಸಿದರು. ಸವೆದ ವಸ್ತುಗಳನ್ನು ಕಿಣ್ವಗಳ ಮೂಲಕ ಕರಗಿಸುವುದು ಅವುಗಳ ಕೆಲಸ. ಒಂದು ಕಿಣ್ವ ಹುಟ್ಟಿನಿಂದಲೇ ಕೊರತೆಯಾದರೆ ಕರಗಬೇಕಾದದ್ದು ಕರಗದೆ ಸಂಚಯವಾಗುತ್ತದೆ. ಗೋಶೆ ಕಾಯಿಲೆಯಲ್ಲಿ ಹೀಗೆ ಗುಲ್ಮ, ಯಕೃತ್ತು, ಮೂಳೆಗಳು ಕೆಡುತ್ತವೆ. ಇಲ್ಲದ ಕಿಣ್ವವನ್ನು ಹೊರಗಿನಿಂದ ರಕ್ತನಾಳಕ್ಕೆ ಕೊಡುವುದೇ ಕಿಣ್ವ ಪೂರಣ ಚಿಕಿತ್ಸೆ. ಗೋಶೆಗೆ ಇದನ್ನು ಹದಿನೈದು ದಿನಕ್ಕೊಮ್ಮೆ, ಜೀವಮಾನವಿಡೀ ಕೊಡಬೇಕು. ರಕ್ತದಿಂದ ಮಿದುಳಿಗೆ ಇದು ದಾಟದಾದ್ದರಿಂದ ಮಿದುಳನ್ನು ಹಿಡಿದ ಬಗೆಗಳಲ್ಲಿ ಫಲ ಅಲ್ಪ. ಉಳಿದವರ ಪಾಲಿಗೆ ಇದು ಹಾಸಿಗೆಗೂ ಶಾಲೆಗೂ ನಡುವಿನ ವ್ಯತ್ಯಾಸ.

ಈ ಔಷಧದ ಮೂಲದ ಬಗ್ಗೆ ಶ್ರಾವಕರ ಮನೆಗಳಲ್ಲಿ ಸಂದೇಹ ಏಳುವುದು ಸಹಜ. 1991ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಔಷಧವನ್ನು ಹೆರಿಗೆಯ ಅನಂತರ ಹೊರಬೀಳುವ ಮಾಸಿನಿಂದ ತೆಗೆಯುತ್ತಿದ್ದರು. ಒಬ್ಬ ರೋಗಿಯ ಒಂದು ವರ್ಷದ ಅಗತ್ಯಕ್ಕೆ ಸಾವಿರಾರು ಮಾಸುಗಳು ಬೇಕಾಗುತ್ತಿದ್ದವು. 1994ರಲ್ಲಿ ಬಂದ ಔಷಧ ಚೀನಾದ ಹ್ಯಾಮ್ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ತಯಾರಾಗುತ್ತದೆ. 2012ರಲ್ಲಿ ಬಂದದ್ದು ಕ್ಯಾರೆಟ್ಟಿನ ಕೋಶಗಳಲ್ಲಿ. ಕಂದಮೂಲವನ್ನು ವರ್ಜಿಸುವವರಿಗೆ ಇಲಿಯೋ ಕ್ಯಾರೆಟ್ಟೋ ಎಂಬ ಆಯ್ಕೆ ವಿಚಿತ್ರವೆನಿಸಬಹುದು! ಆದರೆ 1950ರ ದಶಕದಲ್ಲಿ ತೆಗೆದ ಕೋಶಗಳ ಸಂತತಿಯೇ ಇಂದಿಗೂ ತೊಟ್ಟಿಗಳಲ್ಲಿ ಬೆಳೆಯುತ್ತಿದೆ. ಪ್ರತಿ ಸೀಸೆಗೂ ಒಂದು ಪ್ರಾಣಿಯನ್ನು ಕೊಲ್ಲುವ ಪ್ರಮೇಯವಿಲ್ಲ. ಔಷಧವನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವ ಪ್ರಶ್ನೆ ಉಳಿಯುತ್ತದೆ, ನಿಜ. ಅದು ನಾವು ದಿನವೂ ನುಂಗುವ ಗುಳಿಗೆಗಳಿಗೂ ಅನ್ವಯಿಸುವ ಪ್ರಶ್ನೆ. ಸಂಕಲ್ಪೀ ಹಿಂಸೆಯ ದೋಷವನ್ನು ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ನೀತಿಪತ್ರ. ಅದು ರೋಗಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಒಮ್ಮೆ ಚಿಕಿತ್ಸೆ ನೀಡಿದರೆ ಗುಣವಾಗುವಂಥವು ಮೊದಲನೆಯ ವರ್ಗ. ಚಿಕಿತ್ಸೆ ಇದ್ದರೂ ಅತಿ ದುಬಾರಿಯಾಗಿ, ಜೀವಮಾನವಿಡೀ ಬೇಕಾಗುವಂಥವು ಮೂರನೆಯ ವರ್ಗ. ಗೋಶೆ, ಪೊಂಪೆ, ಫ್ಯಾಬ್ರಿ ಇಲ್ಲಿ ಬರುತ್ತವೆ. 2021ರಲ್ಲಿ 20 ಲಕ್ಷ ರೂಪಾಯಿಗಳ ನೆರವು ಮೊದಲನೆಯ ವರ್ಗಕ್ಕೆ ಮಾತ್ರ ಮೀಸಲಾಗಿತ್ತು. 2022ರಲ್ಲಿ ಅದನ್ನು 50 ಲಕ್ಷಕ್ಕೆ ಏರಿಸಿ ಮೂರೂ ವರ್ಗಗಳಿಗೆ ವಿಸ್ತರಿಸಿದ್ದು ಸ್ತುತ್ಯರ್ಹ. ಆದರೆ ಪತ್ರದ ಒಳವಿರೋಧ ಅಷ್ಟರಿಂದ ನೀಗಲಿಲ್ಲ. 10 ಕಿಲೋ ತೂಕದ ಮಗುವಿಗೆ ಕೆಲವು ರೋಗಗಳಲ್ಲಿ ವರ್ಷಕ್ಕೆ 10 ಲಕ್ಷದಿಂದ ಒಂದು ಕೋಟಿಗೂ ಮೀರಿ ಖರ್ಚಾಗಬಹುದು, ವಯಸ್ಸು ತೂಕಗಳೊಂದಿಗೆ ಔಷಧದ ಪ್ರಮಾಣವೂ ಬೆಲೆಯೂ ಏರುತ್ತವೆ ಎಂದು ಆ ಪತ್ರವೇ ಹೇಳುತ್ತದೆ. ಹೀಗೆ ಹೇಳಿದ ಮೇಲೂ ನೆರವಿಗೆ ಒಂದು ಸ್ಥಿರವಾದ ಮೇರೆ! ವರ್ಷಕ್ಕೆ 25 ಲಕ್ಷ ಬೇಕಾದ ಮಗುವಿಗೆ ಎರಡು ವರ್ಷಗಳಲ್ಲಿ ಹಣ ಮುಗಿಯುತ್ತದೆ. ಔಷಧ ಹಿಡಿದು ಮಗು ಬೆಳೆಯುತ್ತದೆ. ಬೆಳೆದ ತೂಕವೇ ಅದರ ಔಷಧವನ್ನು ಬೇಗ ನಿಲ್ಲಿಸುತ್ತದೆ. ಚಿಕಿತ್ಸೆ ನಿಂತರೆ ಸಂಚಯ ಮತ್ತೆ ಮೊದಲಾಗುತ್ತದೆ.

ಕಡಿಮೆ ಹಣದಲ್ಲಿ ಹೆಚ್ಚು ಜನರ ಪ್ರಾಣ ಉಳಿಸಬಹುದಲ್ಲ ಎಂಬುದು ಪತ್ರದ ಸಮರ್ಥನೆ. ವಾದ ಹಗುರವಾದುದಲ್ಲ, ಬಸದಿಯ ಟ್ರಸ್ಟುಗಳೂ ಪ್ರತಿ ವರ್ಷ ಇದೇ ತಕ್ಕಡಿಯನ್ನು ಹಿಡಿಯುತ್ತವೆ. ಆದರೆ ಗೋಶೆ ರೋಗಿಯಾದ ಬಡ ಬಾಲಕನ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2014ರಲ್ಲೇ, ಹಣದ ಅಡಚಣೆಯನ್ನು ಮುಂದೊಡ್ಡಿ ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತ್ತು. ನೀತಿಪತ್ರವಾದರೋ ಉಳಿದ ಭಾರವನ್ನು ಸಾರ್ವಜನಿಕರ ಸ್ವಯಂಪ್ರೇರಿತ ದಾನದ ಮೇಲೆ ಹಾಕಿ, ಅದಕ್ಕಾಗಿ ಗಣಕಯಂತ್ರದ ಒಂದು ವೇದಿಕೆಯನ್ನು ಸೂಚಿಸುತ್ತದೆ. ದಾನಕ್ಕೆ ಪಾತ್ರನಾಗಲು ರೋಗಿ ತನ್ನ ಸಂಕಟವನ್ನು ಬಿಚ್ಚಿಡಬೇಕಾಗುವ ಈ ಏರ್ಪಾಡು, ಗುಪ್ತದಾನವನ್ನು ಗೌರವಿಸುವವರಿಗೆ ಒಪ್ಪಿಗೆಯಾಗುವುದು ಕಷ್ಟ.

ರೋಗ ಬಾರದಂತೆ ತಡೆಯುವುದಕ್ಕೆ ಪತ್ರ ಕೊಡುವ ಮಹತ್ವ ಸರಿಯಾದದ್ದೇ. ಗೋಶೆಯಲ್ಲಿ ತಾಯಿತಂದೆ ಇಬ್ಬರೂ ದೋಷವುಳ್ಳ ಜೀನಿನ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ಸೋದರಸಂಬಂಧದ ಮದುವೆಗಳಲ್ಲಿ ಇಬ್ಬರೂ ವಾಹಕರಾಗುವ ಸಂಭವ ಹೆಚ್ಚು. ಗರ್ಭದಲ್ಲಿ ಪರೀಕ್ಷಿಸಿ ತೆಗೆಸುವ ದಾರಿ ಅಹಿಂಸಾವ್ರತಿಗಳಿಗೆ ಕಠಿಣವಾದ ಧರ್ಮಸಂಕಟ. ರೋಗ ಕಂಡ ಮನೆತನದಲ್ಲಿ ಮದುವೆಗೆ ಮೊದಲೇ ರಕ್ತಪರೀಕ್ಷೆ ಮಾಡಿಸಿದರೆ ಆ ಸಂಕಟ ಹುಟ್ಟುವುದೇ ಇಲ್ಲ. ಜಾತಕ ನೋಡುವ ಮನೆಗಳಿಗೆ ಇದೇನೂ ಹೊರೆಯಲ್ಲ.

ನೆರವಿನ ಹಣ ಬೇಕಾದವರು ನಿಯುಕ್ತ ಶ್ರೇಷ್ಠತಾ ಕೇಂದ್ರವೊಂದರಲ್ಲಿ ಹೆಸರು ನೋಂದಾಯಿಸಬೇಕು. 2021ರ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಾತ್ರ. ಉಡುಪಿಯಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರು. ಹದಿನೈದು ದಿನಕ್ಕೊಮ್ಮೆ ಹೋಗಬೇಕಾದರೆ ವರ್ಷಕ್ಕೆ 26 ಪ್ರಯಾಣ. ಔಷಧದ ಕೋಟಿಯನ್ನು ಯಾವ ಟ್ರಸ್ಟೂ ಒಂಟಿಯಾಗಿ ಹೊರಲಾರದು. ಈ 26 ಪ್ರಯಾಣಗಳ ಬಸ್ಸಿನ ಚೀಟಿ, ರಾತ್ರಿಯ ವಸತಿ, ತಂದೆ ಕಳೆದುಕೊಳ್ಳುವ ಕೂಲಿ ಇವನ್ನು ಕಾರ್ಕಳದ ಒಂದು ಬಸದಿಯ ವಾರ್ಷಿಕ ಲೆಕ್ಕದಲ್ಲಿ ಔಷಧದಾನದ ಬಾಬತ್ತಿಗೆ ಬರೆಯಬಹುದು.