ಬಾಸ್ ಸೋಲೋ ಬಂದಾಗ ಬಿಲ್ ತರಿಸುವವರು

ಮುಂಬೈಯಲ್ಲಿ ಜಾಝ್ ಬಾಡಿಗೆ ಮನೆಯಲ್ಲಿರುವ ಸಂಗೀತ. ಇವತ್ತು ಸಭಾಂಗಣ, ನಾಳೆ ಹೋಟೆಲಿನ ಲೌಂಜ್, ನಾಡಿದ್ದು ಪಬ್ಬಿನ ಮೂಲೆ. ಮನೆಯ ಯಜಮಾನ ಬದಲಾದಂತೆ ಬಾಡಿಗೆದಾರನ ದನಿ ಹೇಗೆ ಬದಲಾಗುತ್ತದೆ ಎಂದು ನೋಡಲು ಕಳೆದ ತಿಂಗಳು ಒಂದೇ ಸಂಜೆ ಮೂರು ಕಡೆ ಸುತ್ತಿ ಬಂದೆ. ಜಾಗಗಳ ಹೆಸರು ಇಲ್ಲಿ ಮುಖ್ಯವಲ್ಲ. ಅನುಕೂಲವೆಂಬಂತೆ, ಮೂರೂ ಕಡೆ 'ಆಟಮ್ ಲೀವ್ಸ್' ನುಡಿಸಿದರು. ಜೋಸೆಫ್ ಕೋಸ್ಮಾ ಸಂಯೋಜಿಸಿದ ಈ ಹಾಡಿನ ಚಕ್ರ 32 ಬಾರ್‌ಗಳದ್ದು. ಅದನ್ನು ನಮ್ಮ ಆವರ್ತನದ ಹಾಗೆ ಮತ್ತೆ ಮತ್ತೆ ಸುತ್ತುತ್ತಾರೆ. ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿ ನುಡಿಸಿ, ಆಮೇಲೆ ಒಬ್ಬೊಬ್ಬರೂ ಅದೇ ಚಕ್ರದ ಮೇಲೆ ತಮ್ಮ ಮನೋಧರ್ಮ ತೋರಿಸುತ್ತಾರೆ.

ಮೊದಲನೆಯದು ನರಿಮನ್ ಪಾಯಿಂಟ್ ಕಡೆಯ ಸಭಾಂಗಣ. ಕೆಮ್ಮಿದರೂ ಕೇಳಿಸುವಷ್ಟು ಮೌನ. ಡಬಲ್ ಬಾಸ್‌ನ ತಂತಿಯ ಮೇಲೆ ಬೆರಳು ಜಾರುವ ಸದ್ದು ಕೂಡ ಹಿಂದಿನ ಸಾಲಿಗೆ ತಲುಪುತ್ತಿತ್ತು. ಆದರೆ ಪ್ರತಿಯೊಬ್ಬರಿಗೂ ಎರಡೆರಡು ಸುತ್ತು, ಮುಗಿದ ಕೂಡಲೇ ಚಪ್ಪಾಳೆ, ಮುಂದಿನವರ ಸರದಿ. ನಮ್ಮ ಸೋಮವಾರದ ಸ್ಟೇಟಸ್ ಮೀಟಿಂಗಿನಷ್ಟೇ ಶಿಸ್ತು! ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಲಿಲ್ಲ. ಸಭಿಕರ ಮೌನ ಗೌರವದ್ದೇನೋ ಹೌದು, ಆದರೆ ಅದರ ಭಾರಕ್ಕೆ ವಾದಕರು ಜಾಗರೂಕರಾಗಿಬಿಟ್ಟಿದ್ದರು.

ಎರಡನೆಯದು ಚರ್ಚ್‌ಗೇಟ್ ಹತ್ತಿರದ ಹೋಟೆಲಿನ ಲೌಂಜ್. ಈ ಪ್ರದೇಶಕ್ಕೆ ದೊಡ್ಡ ಚರಿತ್ರೆಯಿದೆ. 1935ರಲ್ಲಿ ಲಿಯೊನ್ ಅಬ್ಬಿಯ ಆಫ್ರಿಕನ್-ಅಮೆರಿಕನ್ ತಂಡ ತಾಜ್ ಹೋಟೆಲಿಗೆ ಬಂತು. ಆಮೇಲೆ ಚಿಕ್ ಚಾಕೊಲೇಟ್ ಎಂದೇ ಹೆಸರಾದ ಆಂಟೋನಿಯೊ ಝೇವಿಯರ್ ವಾಝ್ ಅವರಂಥ ಗೋವಾದ ವಾದಕರು ರಾತ್ರಿ ಹೋಟೆಲುಗಳಲ್ಲಿ, ಹಗಲು ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸಿದರು. ಸಿ. ರಾಮಚಂದ್ರರ ಸಂಗೀತವಿರುವ 1951ರ 'ಅಲ್‌ಬೇಲಾ' ಚಿತ್ರದಲ್ಲಿ ಆ ಕಹಳೆಯ ಗುರುತು ಇಂದಿಗೂ ಸಿಗುತ್ತದೆ. ಅಂಥ ಬೀದಿಯ ಪಕ್ಕದಲ್ಲಿ ಈಗ ಒಂದು ಟ್ರಿಯೋ, ಊಟದ ಮಾತಿಗೆ ಅಡ್ಡಿಯಾಗದ ಹಾಗೆ, ದನಿ ತಗ್ಗಿಸಿ ನುಡಿಸುತ್ತಿತ್ತು. ಪಿಯಾನೋ ವಾದಕನ ಕೈ ಬಹಳ ಚೆನ್ನಾಗಿತ್ತು. ಅದನ್ನು ಗಮನಿಸಿದವರು ನಾನು, ಮತ್ತೆ ಇನ್ನೊಬ್ಬ ವೇಟರ್.

ಅಲ್ಲಿಂದ ಲೋಕಲ್ ಹಿಡಿದು ಬಾಂದ್ರಾ. ಪಬ್ಬಿನ ಮಹಡಿ, ನಾಲ್ವರ ತಂಡ, ಕಿಕ್ಕಿರಿದ ಜನ. ಸ್ಯಾಕ್ಸೊಫೋನಿಗೆ ಸಿಳ್ಳೆ ಬಿತ್ತು. ಬಾಸ್ ಸೋಲೋ ಶುರುವಾದದ್ದೇ ತಡ, ಮಾತು ಜೋರಾಯಿತು, ನಾಲ್ಕು ಮೇಜಿನವರು ಬಿಲ್ ತರಿಸಿದರು. ಕಛೇರಿಯಲ್ಲಿ ತನಿ ಆವರ್ತನ ಬಂದಾಗ ಕಾಫಿಗೆ ಏಳುವ ನಮ್ಮವರ ನೆನಪಾಯಿತು. ಆ ಚಟ ಬರಿಯ ಪಬ್ಬಿನದಲ್ಲ, ನಮ್ಮ ಸಭೆಗಳಲ್ಲೂ ಹಳೆಯದೇ.

ಹನ್ನೊಂದರ ನಂತರದ ಎರಡನೇ ಸೆಟ್‌ಗೆ ಉಳಿದವರು ಇಪ್ಪತ್ತು ಜನ ಇರಬಹುದು. ಆಗ ನಿಜವಾದ ಜಾಝ್ ಬಂತು. ಸ್ಯಾಕ್ಸೊಫೋನ್ ಮತ್ತು ಡ್ರಮ್ಸ್ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಸವಾಲ್-ಜವಾಬ್‌ಗೆ ಇಳಿದರು. ಒಂದು ಸಲ ಡ್ರಮ್ಮರ್ ಬೇಕೆಂದೇ ಮೂರು ಬಾರ್ ಸುಮ್ಮನಿದ್ದು, ನಾಲ್ಕನೆಯದರ ಕೊನೆಗೆ ಒಂದೇ ಒಂದು ಪೆಟ್ಟು ಕೊಟ್ಟ. ಸ್ಯಾಕ್ಸ್ ವಾದಕ ನಕ್ಕು, ಆ ಪೆಟ್ಟಿನಿಂದಲೇ ತನ್ನ ಮುಂದಿನ ಸಾಲು ಎತ್ತಿಕೊಂಡ. ಬಾಸ್ ನುಡಿಸುತ್ತಿದ್ದವಳು ಚಕ್ರ ತಪ್ಪದ ಹಾಗೆ ಇಬ್ಬರನ್ನೂ ಹಿಡಿದಿಟ್ಟಿದ್ದಳು. ಸಭಾಂಗಣದಲ್ಲಿ ಸಿಗದ ಉತ್ತರ ಇಲ್ಲಿ ಸಿಕ್ಕಿತು.

ಹಾಗೆಂದು ಪಬ್ಬೇ ಮೇಲೆಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಸಭಾಂಗಣ ವಾದ್ಯದ ದನಿಯನ್ನು ಕಾಪಾಡಿತು, ಪಬ್ಬು ವಾದಕರ ಧೈರ್ಯವನ್ನು ಕಾಪಾಡಿತು, ಅದೂ ಖಾಲಿಯಾದ ಮೇಲೆ. ತೊಂದರೆ ಇರುವುದು ಲೆಕ್ಕದಲ್ಲಿ. ಪಬ್ಬಿನಲ್ಲಿ ಸಂಗೀತದ ಖರ್ಚು ಹುಟ್ಟುವುದು ಬಹುಪಾಲು ಊಟ, ಮದ್ಯದ ವ್ಯಾಪಾರದಿಂದ. ಅತ್ಯುತ್ತಮವಾಗಿ ನುಡಿಸುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಬರಿದಾಗಿರುತ್ತದೆ. ಲೋವರ್ ಪರೇಲ್‌ನ ಬ್ಲೂ ಫ್ರಾಗ್‌ನಂಥ ಹೆಸರುವಾಸಿ ಜಾಗವೂ 2007ರಲ್ಲಿ ತೆರೆದು 2016ರಲ್ಲಿ ಮುಚ್ಚಿತು. ಬಾಡಿಗೆ ಮನೆಯ ಸಂಗೀತ ಪ್ರತಿ ಸಲವೂ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಓಣಿಗೆ ನಡೆಯಬೇಕು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಂಗೀತ ನಮಗೆ ದೂರದ್ದೂ ಅಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ತಂದರು. ಆರ್. ಎ. ರಮಾಮಣಿಯವರ ಕಂಠ, ಮೃದಂಗ, ಸ್ಯಾಕ್ಸೊಫೋನ್ ಅಲ್ಲಿ ಒಂದನ್ನೊಂದು ಕಾದು ಕೇಳುತ್ತವೆ. ತನಿ ಆವರ್ತನಕ್ಕೆ ಕೂತು ತಾಳ ಹಾಕಬಲ್ಲವರಿಗೆ ಬಾಸ್ ಸೋಲೋ ಕಷ್ಟವಾಗಬಾರದು. ಮುಂದಿನ ಸಲ ಹೋದಾಗ ಕವರ್ ಚಾರ್ಜಿಗೆ ಗೊಣಗದೆ ಕೊಡಿ, ಬಿಲ್ಲನ್ನು ಒಂದು ಹಾಡು ತಡವಾಗಿ ತರಿಸಿ, ಎರಡನೇ ಸೆಟ್‌ಗೆ ಉಳಿಯಿರಿ. ಕೊನೆಯ ಲೋಕಲ್ ತಪ್ಪಿದರೆ ಆಟೋ ಹಂಚಿಕೊಳ್ಳಲು ಪಕ್ಕದ ಮೇಜಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ.